ಅವ್ವನ ಹೀಟಿಂಗ್ ಪ್ಯಾಡೂ ನಮ್ಮ ಮನೆಯ ಆಮೆಯೂ

ನಮ್ಮ ಮನೆತನದಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ನಮ್ಮೂರು ಮೊರಬದಿಂದ ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋಗಿಬಂದೆ. ರಜೆಯಲ್ಲಿ ಹತ್ತಿ ಬಿಡಿಸಲು ಕೂಲಿಗೂ ಹೋದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹುಬ್ಬಳ್ಳಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯಿಂದ ಒಂದು ಆಮೆಮರಿ ತಂದಿದ್ದೆ. ಮಗಳ ಹಟ ಎಂದು ಎಲ್ಲರಿಗೂ ಹೇಳಿದೆ, ಆಸೆ ನನ್ನದೂ ಇತ್ತು. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಚಪ್ಪಟೆ ಕಲ್ಲು. ಮಳೆಗಾಲದವರೆಗೆ ಚೆನ್ನಾಗಿಯೇ ಇತ್ತು. ಚಳಿ ಬಿದ್ದದ್ದೇ ತಡ, ತಿನ್ನುವುದು ಬಿಟ್ಟಿತು. ಚಿಪ್ಪು ತಟ್ಟಿದರೂ ಕಣ್ಣು ತೆರೆಯದು. ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಜೀವ ಅದು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮನೆಯಲ್ಲಿ ಇದ್ದದ್ದು ಅವ್ವನ ಮೊಣಕಾಲಿಗೆ ಶಾಖ ಕೊಡುವ ಹೀಟಿಂಗ್ ಪ್ಯಾಡ್ ಒಂದೇ.

"ಯವ್ವಾ, ಹಗಲೊತ್ತು ಇದನ್ನ ಆಮಿಗೆ ಕೊಡು ಬೇ."

"ಅದಕ್ಕೂ ಮೊಣಕಾಲ ನೋವೇನ?" ಅವ್ವ ಪ್ಯಾಡನ್ನು ತೊಡೆಯ ಕೆಳಗೆ ಸರಿಸಿಕೊಂಡಳು. "ಆಮಿಗೆ ಶಾಖಾ ಕೊಡಾಕ ಬಿಯೆಸ್ಸಿ ಓದಿದ್ಯಾ?"

"ಹೂಂ, ಅದಕ್ಕ ಓದೇನಿ. ಕೊಡು."

ಟಬ್ಬನ್ನು ಇಟ್ಟಂಗಿಗಳ ಮೇಲೇರಿಸಿ, ಕಲ್ಲಿರುವ ಬದಿಯ ಕೆಳಗೆ ಮಾತ್ರ, ನೀರು ತಾಗದಂತೆ, ಹಲಗೆಯ ಮೇಲೆ ಪ್ಯಾಡ್ ಇಟ್ಟೆ. ಕಾವನ್ನು ಎಲ್ಲಕ್ಕಿಂತ ಕಡಿಮೆಗೆ ಇಳಿಸಿದೆ. ನೋಡಿಕೊಳ್ಳಲು ಅವ್ವನಿಗೆ ಹೇಳಿ ಶಾಲೆಗೆ ಹೋದೆ.

ಸಂಜೆ ಬಂದು ನೋಡಿದರೆ ಪ್ಯಾಡ್ ನಟ್ಟನಡುವೆ ಬಂದಿತ್ತು. ಅವ್ವ ಟಬ್ಬಿನ ಮೇಲೆ ತಾನು ಹೊದೆಯುವ ಕೌದಿ ಮುಚ್ಚಿ, ಅಂಚುಗಳನ್ನೂ ಬಿಗಿಯಾಗಿ ಸಿಕ್ಕಿಸಿದ್ದಳು. ಕೌದಿ ಎತ್ತಿದೆ. ನೀರು ಕೈಗೆ ಬಿಸಿಬಿಸಿ. ಆಮೆ ಕತ್ತು ಚಾಚಿ, ಮುಂಗಾಲಿನಿಂದ ಟಬ್ಬಿನ ಗೋಡೆ ಪರಚುತ್ತಿತ್ತು. ಸ್ವಿಚ್ ಆರಿಸಿ, ಸ್ವಲ್ಪ ಸ್ವಲ್ಪವೇ ತಣ್ಣೀರು ಬೆರೆಸುತ್ತ ಕುಳಿತೆ. ಅದು ಪರಚುವುದು ಬಿಟ್ಟು ಕತ್ತು ಒಳಗೆಳೆದುಕೊಳ್ಳುವವರೆಗೆ ಅಲ್ಲಿಂದ ಏಳಲಿಲ್ಲ.

"ಗಾಳಿ ಹೊಗಬಾರದಂತ ಮುಚ್ಚೀನಿ," ಎಂದಳು ಅವ್ವ. "ಬಾಣಂತಿಗೆ ಹಂಗ ಮಾಡೂದಿಲ್ಲೇನ?"

ನಮ್ಮ ಕಡೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಬಾಗಿಲು ಮುಚ್ಚಿಬಿಡುತ್ತಾರೆ.

"ನನಗೂ ಹಂಗ ಮಾಡಿದ್ದಿ. ಬೆವತು ಬಾಗಲಕ್ಕ ಬಂದ್ರ ಮತ್ತ ಒಳಗ ದಬ್ಬತಿದ್ದಿ. ನನಗರ ಬಾಯಿತ್ತು, ಬೈದೆ. ಈ ಆಮಿ ಏನ ಮಾಡಬೇಕು?"

"ಬೈದಿದ್ದೇನ ಸಣ್ಣದಾ? ಇಡೀ ಓಣಿಗೆ ಕೇಳಿಸಿತ್ತು."

ಇಬ್ಬರಿಗೂ ನಗು ಬಂತು.

"ಒಂದ ಬಾಜು ಬಿಸಿ, ಒಂದ ಬಾಜು ತಂಪು ಇರಬೇಕು ಬೇ. ಸಾಕಾದ್ರ ತಾನ ಸರೀತೈತಿ."

ಅವ್ವ ಆಮೆಯನ್ನೇ ನೋಡುತ್ತ ಕುಳಿತಳು. "ಅಂದ್ರ ಅದಕ್ಕ ಬಾಗಲಾ ತಗದ ಇಡಬೇಕಂತಿ."

ಮರುದಿನದಿಂದ ಪ್ಯಾಡ್ ಕಲ್ಲಿನ ಬದಿ ಬಿಟ್ಟು ಕದಲಲಿಲ್ಲ. ಕೂಸಿಗೆ ಎರೆಯುವ ನೀರನ್ನು ನೋಡುವ ಹಾಗೆ ಅವ್ವ ಆಗಾಗ ಮೊಣಕೈ ಅದ್ದಿ ನೋಡುತ್ತಿದ್ದಳು. ಸಂಜೆಗೆ ಪ್ಯಾಡ್ ಮತ್ತೆ ಅವಳ ಮೊಣಕಾಲಿಗೆ. ಆಮೆ ಕಲ್ಲಿನ ಮೇಲೆ ಕಾಯಿಸಿಕೊಳ್ಳುವುದು, ನೀರಿಗಿಳಿಯುವುದು ಮಾಡುತ್ತಿತ್ತು. ಆದರೆ ತಿನ್ನುತ್ತಿರಲಿಲ್ಲ.

ಒಂದು ಭಾನುವಾರ ಅವ್ವ ಟಬ್ಬಿನ ಪಕ್ಕ ಕುಳಿತು ರಾಜಗಿರಿ ಸೊಪ್ಪು ಸೋಸುತ್ತಿದ್ದಳು. ಸುಮ್ಮನೆ ಒಂದು ಎಲೆಯನ್ನು ನೀರಿಗೆ ಹಿಡಿದಳು. ಆಮೆ ಕಲ್ಲಿನಿಂದ ಜಾರಿ, ಈಜಿ ಬಂದು, ಎಲೆಯ ತುದಿ ಕಚ್ಚಿ ಎಳೆಯಿತು.

"ತಿಂತು," ಎಂದಳು ಅವ್ವ ಮೆಲ್ಲಗೆ. ಕೈ ಅಲ್ಲಾಡಿಸಲಿಲ್ಲ.

ಆಮೇಲೆ ಎಳೆಯ ಎಲೆಗಳನ್ನೆಲ್ಲ ಆರಿಸಿ ಆರಿಸಿ ಅದಕ್ಕೇ ಕೊಟ್ಟಳು. ನಮ್ಮ ಊಟಕ್ಕೆ ಬಲಿತ ಸೊಪ್ಪಿನ ಪಲ್ಲೆ. ಯಾರೂ ತಕರಾರು ಮಾಡಲಿಲ್ಲ.