ಉಡಿಗೆ ಬಿದ್ದ ಟೊಮೆಟೊ

ಗಿಡದಲ್ಲಿ ಹಣ್ಣು ಇರಲಿಲ್ಲ. ತೊಟ್ಟು ಮುರಿದ ಜಾಗ ಇನ್ನೂ ಹಸಿಯಾಗಿತ್ತು. ದಾವಣಗೆರೆ ವಿದ್ಯಾನಗರದ ನಮ್ಮ ಪ್ರಯೋಗಾಲಯದ ಹಿಂದೆ, ಗಿಡಗಳಿಗಾಗಿ ಬಲೆ ಕಟ್ಟಿದ ಮನೆಯೊಳಗೆ, ನಾನು ಮೇಜಿನ ಕೆಳಗೆಲ್ಲ ಬಗ್ಗಿ ಹುಡುಕಿದೆ. ಉದುರಿದ್ದರೆ ಸಿಗಬೇಕಿತ್ತು.

“ನಿಮ್ಮ ತಾಯಾರು ಬಂದಿದ್ರಲ್ರಿ,” ಎಂದರು ನೀರು ಹಾಕುವವರು. “ನೀವು ಒಳಗೆ ಕೆಲಸದಾಗಿದ್ರಿ. ಹಣ್ಣು ಕಿತ್ಕಂಡು, ಕಣ್ಣಿಗೊತ್ಕಂಡು, ಸೆರಗಿನಾಗೆ ಕಟ್ಕಂಡು ಹೋದ್ರು. ನಿಮಗೆ ಹೇಳ್ಯಾರೆ ಅಂದ್ಕಂಡೆ.”

ಅವ್ವ ಅಂದು ಹರಿಹರಕ್ಕೆ ಹೊರಟಿದ್ದಳು. ಅತ್ತಿಗೆ ಚೊಚ್ಚಲ ಬಸುರಿ, ಅಲ್ಲೇ ತವರಿನಲ್ಲಿದ್ದಳು. ಅವಳಿಗೆ ಉಡಿ ತುಂಬುವುದಿತ್ತು. ಉಡಿಗೆ ಬಿದ್ದದ್ದನ್ನು ನಮ್ಮ ಮನೆಗಳಲ್ಲಿ ಬಸುರಿ ಇನ್ನೊಬ್ಬರಿಗೆ ಕೊಡುವಂತಿಲ್ಲ, ತಾನೇ ತಿನ್ನಬೇಕು.

ಆ ಟೊಮೆಟೊ ಎಂಥದೆಂದು ಹೇಳಬೇಕು. ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಗಿಡಕ್ಕೆ ಗಾಯವಾದಲ್ಲಿ ಹೊಕ್ಕು, ತನ್ನ ಜೀನ್‌ಗಳ ಒಂದು ತುಣುಕನ್ನು ಗಿಡದ ಜೀವಕೋಶಕ್ಕೆ ಸೇರಿಸಿ, ಅಲ್ಲಿ ಗಂಟು ಎಬ್ಬಿಸುತ್ತದೆ. ಗಂಟು ಎಬ್ಬಿಸುವ ಭಾಗವನ್ನು ತೆಗೆದು ಆ ಜಾಗದಲ್ಲಿ ನಮಗೆ ಬೇಕಾದ ಜೀನ್ ಇಟ್ಟರೆ ಅದನ್ನೂ ಹಾಗೆಯೇ ಸೇರಿಸುತ್ತದೆ. ನಾವು ಇಟ್ಟದ್ದು ದಪ್ಪ ಮೆಣಸಿನಕಾಯಿಯ ಜೀನ್. ಟೊಮೆಟೊಗೆ ಬರುವ ಸೊರಗು ರೋಗ ತಡೆಯಲೆಂದು. ಮೊಳಕೆಯ ಎಳೆ ಎಲೆಗಳನ್ನು ಕತ್ತರಿಸಿ ಬ್ಯಾಕ್ಟೀರಿಯಾದ ನೀರಿನಲ್ಲಿ ಅದ್ದಿದ್ದೆ. ಆಮೇಲೆ ಬ್ಯಾಕ್ಟೀರಿಯಾ ಸಾಯಲೆಂದು ಔಷಧಿ ಹಾಕಿದ್ದೆ. ಬಹಳಷ್ಟು ತುಂಡುಗಳು ಬಿಳಚಿಕೊಂಡು ಸತ್ತವು. ಚಿಗುರಿ ಕುಂಡಕ್ಕೆ ಬಂದವುಗಳಲ್ಲಿ ಮೊದಲು ಹಣ್ಣು ಬಿಟ್ಟದ್ದು ಈ ಗಿಡ. ಅದರ ಎಲೆ, ಹಣ್ಣು, ಬೀಜ ಯಾವುದೂ ಹೊರಗೆ ಹೋಗಬಾರದೆಂಬುದು ನಿಯಮ. ತಿಂದರೆ ಏನೂ ಆಗಲಾರದೆಂದು ನನ್ನ ಓದು ಹೇಳುತ್ತಿತ್ತು. ಆದರೆ ಈ ಹಣ್ಣನ್ನು ಯಾರೂ ಪರೀಕ್ಷಿಸಿರಲಿಲ್ಲ.

ಅವ್ವ, ಅತ್ತಿಗೆ ಇಬ್ಬರೂ ಫೋನ್ ಎತ್ತಲಿಲ್ಲ. ಹರಿಹರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೆ. ಸೀಟು ಖಾಲಿ ಇತ್ತೆಂದು ಇಳಿಯುವಾಗ ನೋಡಿದೆ.

ಬಂದವರೆಲ್ಲ ಉಂಡು ಎಲೆಅಡಿಕೆ ಹಾಕುತ್ತಿದ್ದರು. “ಬಾರವ್ವ, ಬಾ,” ಎಂದಳು ಅವ್ವ. “ಕೆಲಸ ಐತೆ, ಬರಂಗಿಲ್ಲ ಅಂದಿದ್ದೆ. ಹೋಳಿಗಿ ವಾಸನಿ ದಾವಣಗೆರೆ ಮಟ ಬಂತೇನು?”

“ಹಣ್ಣೆಲ್ಲಿ ಅವ್ವಾ?”

“ಎಲ್ಲಿರ್ತೈತೆ? ಉಡಿಗೆ ಹಾಕಿದೆ. ಮಗೀನಂಗೆ ಸಾಕಿದ ಗಿಡ, ಅದರ ಮೊದಲ್ನೇ ಹಣ್ಣು ನಮ್ಮನಿ ಸೊಸಿಗೆ ಬ್ಯಾಡೇನು?”

ಅತ್ತಿಗೆ ಒಳಕೋಣೆಯಲ್ಲಿದ್ದಳು. ತಟ್ಟೆಯಲ್ಲಿ ಅರ್ಧ ಹಣ್ಣಿತ್ತು, ಪಕ್ಕದಲ್ಲಿ ಉಪ್ಪು. ಬಾಗಿಲು ಹಾಕಿ, ಮೇಲೆ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ.

“ಮೆಣಸಿನಕಾಯಿಂದು ಅಂತಿ. ಖಾರನೇ ಇರಲಿಲ್ಲ ನೋಡು,” ಎಂದು ನಗಲು ನೋಡಿದಳು. ಆಮೇಲೆ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. “ಆ ಗಂಟಿನ ಹುಳ ಒಳಗೆ ಹೋಗೈತೇನು?”

“ಇಲ್ಲ. ಅದನ್ನ ಸಾಯಿಸೀವಿ. ಗಂಟಿನ ಭಾಗ ಮೊದ್ಲೇ ತೆಗೆದೀವಿ.”

“ಖರೇನ?”

“ಗೊತ್ತಿದ್ದಷ್ಟು ಖರೆ.”

“ಗೊತ್ತಿಲ್ದಿದ್ದು?”

ನಾನು ಚೀಲದಿಂದ ಡಬ್ಬಿ ತೆಗೆದೆ.

“ಅತ್ತೇರಿಗೆ ಹೇಳಬ್ಯಾಡ,” ಎಂದಳು. “ತಾನೇ ತಂದು ಹಾಕಿದ್ದು ಅಂತ ಊಟ ಬಿಡ್ತಾರೆ.”

ಉಳಿದ ಅರ್ಧವನ್ನು ಡಬ್ಬಿಗೆ ಹಾಕಿ, ತಟ್ಟೆಗೆ ಅಂಟಿದ್ದ ಬೀಜಗಳನ್ನು ಬೆರಳಿನಿಂದ ಒತ್ತಿ ತೆಗೆದುಕೊಂಡೆ. ಮರಳಿ ಬಂದು ಪ್ರಯೋಗಾಲಯದ ಮೇಡಂಗೆ ನಡೆದದ್ದನ್ನು ತಿಳಿಸಿದೆ. ಅವರು ಡಬ್ಬಿಯಲ್ಲಿದ್ದದ್ದನ್ನು ಹಬೆಯಲ್ಲಿ ಬೇಯಿಸಿ ನಾಶಮಾಡಿದರು, ಬಲೆಮನೆಯ ಬಾಗಿಲಿಗೆ ಬೀಗ ಹಾಕಿಸಿದರು. ಅತ್ತಿಗೆಯನ್ನು ನೋಡಿದ ಡಾಕ್ಟರು ಸ್ಕ್ಯಾನ್ ಚೆನ್ನಾಗಿದೆ, ಹೆದರಬೇಡಿ ಎಂದರು. ಬಾಗಿಲ ತನಕ ಬಂದ ಮೇಲೆ ನಾವಿಬ್ಬರೂ ಒಳಗೆ ಹೋಗಿ ಮತ್ತೊಮ್ಮೆ ಕೇಳಿದೆವು.

ಹೆಣ್ಣು ಮಗು ಹುಟ್ಟಿತು. ತೂಕ, ಅಳು, ಬಣ್ಣ ಎಲ್ಲ ಸರಿಯಾಗಿತ್ತು. ಎಣ್ಣೆ ಹಚ್ಚುವಾಗ ಅತ್ತಿಗೆಯ ಬೆರಳು ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಎತ್ತಿಕೊಂಡಾಗ ನನ್ನದೂ ನಿಲ್ಲುತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹರಿಹರದ ಅದೇ ಕೋಣೆಯಲ್ಲಿ ತೊಟ್ಟಿಲು ತೂಗುತ್ತ ಅವ್ವ ಹೇಳಿದಳು: “ನಿನ್ ಗಿಡದ್ದು ಕೈಗುಣ ಚಲೋ ಐತೆ. ಪಕ್ಕದ್ಮನಿ ಸೊಸೀಗೂ ಈಗ ಮೂರು ತಿಂಗಳು. ಮುಂದಿನ ಹಣ್ಣು ಆಕೀಗೆ ಅಂತ ಮಾತು ಕೊಟ್ಟೀನಿ.”

ಅತ್ತಿಗೆ ನನ್ನ ಕಡೆ ನೋಡಿದಳು, ಹೇಳು ಎಂಬಂತೆ ತಲೆಯಾಡಿಸಿದಳು. ನಾನು ಹೇಳಿದೆ. ಮಣ್ಣಿನ ಬ್ಯಾಕ್ಟೀರಿಯಾದಿಂದ ಶುರು ಮಾಡಿ ಹೇಳಿದೆ. ಗಂಟು ಎಂಬ ಮಾತನ್ನು ಬಿಡಲು ಯತ್ನಿಸಿದೆ, ಅದನ್ನು ಬಿಟ್ಟು ಹೇಳಲು ಬರಲಿಲ್ಲ. ಆ ಭಾಗ ತೆಗೆದಿದ್ದೇವೆ, ಡಾಕ್ಟರು ನೋಡಿದ್ದಾರೆ ಎಂದೆ.

ಅವ್ವ ಬೈಯಲಿಲ್ಲ. ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದಳು. ಅಂಗಿ ಬಿಚ್ಚಿದಳು. ಕಿವಿಯ ಹಿಂದೆ, ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಬೆರಳಾಡಿಸಿ ನೋಡಿದಳು. ಮಗು ಕಚಗುಳಿಗೆ ಕೇಕೆ ಹಾಕಿ ನಕ್ಕಿತು. ಅವ್ವ ನಗಲಿಲ್ಲ. ಮತ್ತೆ ಕಿವಿಯ ಹಿಂದಿನಿಂದ ಶುರು ಮಾಡಿದಳು.