ಹಿಡಿ ಅಕ್ಕಿಯ ಸದ್ದು

ಖಾಲಿ ಡಬ್ಬಿಗೆ ಅಕ್ಕಿ ಬೀಳುವ ಸದ್ದು ಕೇಳಿದರೆ ಸಾಕು, ನಾನು ಇವತ್ತಿಗೂ ಕೌಲ್ ಬಜಾರಿನ ಆ ಹಳೆಯ ಮನೆಯೊಳಗೆ ನಿಂತುಬಿಡುತ್ತೇನೆ. ಮನೆ ಈಗಿಲ್ಲ, ಆ ಜಾಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡು ಎದ್ದಿದೆ. ಆದರೆ ಒಲೆಯ ಪಕ್ಕದ ಗೂಡು, ಅದರಲ್ಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿ, ಸಿರುಗುಪ್ಪದ ಅಕ್ಕಿಯನ್ನು ಅವ್ವ ತೊಳೆಯುವಾಗ ಏಳುತ್ತಿದ್ದ ತಣ್ಣನೆಯ ವಾಸನೆ, ಎಲ್ಲವೂ ನನ್ನೊಳಗೆ ಹಾಗೇ ಇವೆ. ಎಸರಿಗೆ ಅಕ್ಕಿ ಹಾಕುವ ಮೊದಲು ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುವುದು ನಮ್ಮ ಕ್ರೈಸ್ತ ಸಭೆಯ ಮನೆಗಳ ಪದ್ಧತಿ. ಅದು ದೇವರ ಪಾಲು. ಭಾನುವಾರ ಅದನ್ನು ದೇವಾಲಯಕ್ಕೆ ಒಯ್ದು ಸುರಿಯುತ್ತಿದ್ದೆವು. ಅಲ್ಲಿಂದ ಒಲೆ ಹೊತ್ತದ ಮನೆಗಳಿಗೆ ಹೋಗುತ್ತಿತ್ತು. ಭಾನುವಾರ ಸಂಜೆ ಖಾಲಿ ತಗಡಿಗೆ ಬೀಳುವ ಮೊದಲ ಹಿಡಿ ಜಣಜಣ ಎನ್ನುತ್ತಿತ್ತು. ವಾರ ಕಳೆದಂತೆ ಸದ್ದು ಮೆತ್ತಗಾಗುತ್ತ, ಶನಿವಾರ ಅಕ್ಕಿಯ ಮೇಲೆ ಅಕ್ಕಿ ಬಿದ್ದದ್ದು ಕೇಳಿಸುತ್ತಲೇ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದಿರಬಹುದು.

ಅಪ್ಪ ಗೌಂಡಿ ಕೆಲಸದವನು. ನಾನು ಮೂರನೇ ಕ್ಲಾಸಿನಲ್ಲಿದ್ದ ಬೇಸಿಗೆಯಲ್ಲಿ, ಕುರುಗೋಡಿನಲ್ಲಿ ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದ. ಅಕ್ಕಿಯ ಚೀಲ ದಿನದಿನಕ್ಕೆ ಕುಗ್ಗುತ್ತ ಹೋಯಿತು. ಕೊಡುವ ಮನೆಯಾಗಿದ್ದದ್ದು ಇಸಕೊಳ್ಳುವ ಮನೆಯಾಗಬಾರದು, ಅವ್ವನಿಗೆ ಇದ್ದದ್ದು ಅದೊಂದೇ ಹಟ. ಒಂದು ದಿನ ನನ್ನನ್ನು ಕರೆದು, "ಇವತ್ತಿಂದ ಹಿಡಿ ನೀನಾ ಹಾಕಪ್ಪ" ಎಂದಳು. ನನಗೋ ಹಿಗ್ಗು. ಅಪ್ಪ ಮಂಚದಿಂದಲೇ ನಕ್ಕ.

"ಏನ ರೂತಮ್ಮ, ಸಣ್ಣ ಕೈ ನೋಡಿ ಆರಿಸೀಯೇನು? ದೇವರಿಗೇ ತೂಕದಾಗ ಮೋಸ ಮಾಡ್ತೀಯಲ್ಲ!"

"ಹಿಡಿ ಅಂದ್ರ ಹಿಡಿ. ಯಾರ ಕೈ ಅಂತ ಆತ ಕೇಳಂಗಿಲ್ಲ. ನೀವು ಸುಮ್ನ ಮಕ್ಕೊಳ್ರಿ."

ಅವ್ವ ನಗಲಿಲ್ಲ. ನನ್ನ ಸಣ್ಣ ಕೈಯೂ ಚೀಲವನ್ನು ಉಳಿಸಲಿಲ್ಲ. ಅದನ್ನು ಕೊಡವಿ, ಮಡಚಿಟ್ಟ ಮರುದಿನ, ಭಾನುವಾರದ ಉರಿಬಿಸಿಲಿನಲ್ಲಿ ಸಭೆಯ ಪಾದ್ರಿ ಅಯ್ಯನವರು ಅಕ್ಕಿಯ ಗಂಟು ಹೊತ್ತು ಬಾಗಿಲಿಗೆ ಬಂದರು. ಅವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು.

"ನಮಗ್ಯಾಕ್ರಿ ಅಯ್ಯನವರ? ನಮಗಿಂತ ಇಲ್ಲದವರು ಊರಾಗ ಇಲ್ಲೇನ್ರಿ?"

ಅವರು ಬೆವರು ಒರೆಸಿಕೊಂಡರು. "ಇದರಾಗ ನಿನ್ನ ಹಿಡಿನೂ ಐತವ್ವ. ಯಾವ ಕಾಳು ನಿಂದು ಅಂತ ಆರಿಸಿ ಕೊಡಾಕ ನನಗ ಬರಂಗಿಲ್ಲ. ಎಲ್ಲಾನೂ ತಗೊ, ಕುಡಿಯಾಕ ನೀರು ಕೊಡು ಮೊದಲು."

ಅವ್ವ ತಲೆ ತಗ್ಗಿಸಿ ಸೆರಗೊಡ್ಡಿದಳು. ಅವರು ಹೋದ ಮೇಲೆ ಎಸರಿಟ್ಟು, ಗಂಟು ಬಿಚ್ಚಿ, "ಹಾಕಪ್ಪ ಹಿಡಿ" ಎಂದಳು.

"ಬಂದಿದ್ದರಾಗೂನಾ?" ಎಂದ ಅಪ್ಪ.

"ಬಂದಿದ್ದರಾಗನಾ ಮೊದಲು."

ನಾನು ಹಾಕಿದೆ. ಖಾಲಿ ಡಬ್ಬಿ ಜಣಜಣ ಎಂದಿತು. ಎಷ್ಟೋ ದಿನಗಳ ಮೇಲೆ ಅವ್ವ ನಕ್ಕಳು. ಅಪ್ಪ ಮುಖ ಗೋಡೆಗೆ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡ.

ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದವನು ನಾನು. ಗಾಂಧಿನಗರ, ಸತ್ಯನಾರಾಯಣಪೇಟೆಗಳ ಎಷ್ಟೋ ಮನೆಗಳ ಗೇಟು ಈ ಕೈಯವು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಫಲ ಕೊಡುವ ಬದುಕಿನ ಬಗ್ಗೆ ದೇವಾಲಯದಲ್ಲಿ ದೊಡ್ಡ ದೊಡ್ಡ ಪ್ರಸಂಗ ಕೇಳಿದ್ದೇನೆ. ಎಲ್ಲ ತಲೆಯಲ್ಲಿ ನಿಲ್ಲುವುದಿಲ್ಲ. ಕೊಡಲು ಕೈ ತುಂಬಲಿ ಎಂದು ಕಾಯಬಾರದು, ಇಸಕೊಳ್ಳಲು ನಾಚಬಾರದು ಎನ್ನುವುದು ಮಾತ್ರ ಆ ಮಧ್ಯಾಹ್ನವೇ ನಿಂತುಬಿಟ್ಟಿದೆ. ಕಲಿಸಿದ ಅವ್ವ, ಅಯ್ಯನವರು ಇಬ್ಬರೂ ಈಗ ಸಭೆಯ ಸಮಾಧಿ ತೋಟದಲ್ಲಿ ಮಲಗಿದ್ದಾರೆ.

ಪ್ಲಾಸ್ಟಿಕ್ ಡಬ್ಬಿಗೆ ಸದ್ದಿಲ್ಲವೆಂದು ನಾನೇ ತಗಡು ಬಡಿದು ಒಂದು ಡಬ್ಬಿ ಮಾಡಿದ್ದೇನೆ. ಹಿಡಿ ಹಾಕುವುದು ಈಗಲೂ ನನ್ನದೇ ಕೆಲಸ. "ಏನ್ ಕೈರೀ ನಿಮ್ದು, ಮೊರ ಇದ್ದಂಗೈತಿ! ನಮಗೂ ಒಂದೀಟು ಉಳಸ್ರಿ," ಎಂದು ನನ್ನ ಹೆಂಡತಿ ರೇಗಿಸುತ್ತಾಳೆ. ಭಾನುವಾರ ಸಂಜೆ ಆ ಮೊದಲ ಹಿಡಿಯನ್ನು ಮಾತ್ರ ನಿಧಾನವಾಗಿ ಬಿಡುತ್ತೇನೆ. ಕೊನೆಯ ಕಾಳಿನ ಸದ್ದು ಅಡಗುವವರೆಗೂ ಡಬ್ಬಿಯ ಮೇಲಿಂದ ಕೈ ತೆಗೆಯುವುದಿಲ್ಲ.