ಅಮ್ಮನಿಗೆ ಹೇಳದ ಊರು

ಆ ವರ್ಷಗಳಲ್ಲಿ ಲಾಸ್ ಏಂಜಲೀಸ್ ಹತ್ತಿರದ ಟೊರೆನ್ಸ್‌ನಲ್ಲಿ ಕಾರು ಓಡಿಸಲು ಬಾರದವರಿಗೆ ಊರೆಂದರೆ ಅಡುಗೆಮನೆಯ ಕಿಟಕಿಯಷ್ಟೇ. ಅಮ್ಮ ಅಂಥವಳು. ಅಪ್ಪ ಬೆಳಿಗ್ಗೆಯೇ ರೆಸ್ಟೋರೆಂಟಿನ ಅಡುಗೆಗೆ ಹೋದರೆ, ಅಮ್ಮ ಸುತ್ತಲಿನ ಕನ್ನಡದ ಮನೆಗಳಿಗೆ ಮಾರಲೆಂದು ಚಪಾತಿ ಲಟ್ಟಿಸುತ್ತ ನಿಲ್ಲುತ್ತಿದ್ದಳು. ನಾನು ಸ್ಕೂಲಿನಿಂದ ಬಂದೊಡನೆ ಬಿಸಿ ಚಪಾತಿಗೆ ತುಪ್ಪ ಸಕ್ಕರೆ ಸವರಿ, ಸುರುಳಿ ಸುತ್ತಿ ಕೈಗಿಟ್ಟು, "ಇವತ್ತು ಏನ್ ನೋಡ್ದೆ, ಹೇಳು" ಅನ್ನುವಳು. ಬಸ್ಸಿನಲ್ಲಿ ಕಿತ್ತಾಡಿದ ಹುಡುಗರು, ಟೀಚರ್ ಕೂದಲಿನ ನೀಲಿ ಬಣ್ಣ, ಎಲ್ಲವನ್ನೂ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಒದರುತ್ತಿದ್ದೆ. ಇಂಗ್ಲಿಷ್ ಬಂದಲ್ಲಿ ಅಮ್ಮ ಲಟ್ಟಣಿಗೆ ನಿಲ್ಲಿಸಿ "ಅಂದ್ರೆ?" ಅನ್ನುವಳು. ಅವಳು ಅಮೆರಿಕ ನೋಡಿದ್ದು ಹಾಗೆ.

೨೦೧೦ರ ಬೇಸಿಗೆ. ನನಗೆ ಹದಿಮೂರು. ಇಂಡಿಯಾದ ಅಜ್ಜಿ ಮನೆಯಿಂದ ನಾನೂ ಅಮ್ಮನೂ ವಾಪಸು ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಿಗ್ಗೆ ಇಳಿದರೆ, ಲಾಸ್ ಏಂಜಲೀಸ್‌ಗೆ ಹೊರಡುವುದು ಸಂಜೆಯೇ ಎಂದರು. ಅದೇ ವಿಮಾನದಲ್ಲಿ ನಮ್ಮ ಪಕ್ಕದೂರು ರೆಡೊಂಡೊ ಬೀಚ್‌ನ ಸುಧಾ ಆಂಟಿ ಇದ್ದರು, ಅಮ್ಮನ ಹತ್ತಿರ ವಾರವಾರವೂ ಚಪಾತಿ ಒಯ್ಯುವವರು. ಜೊತೆಗೆ ನನ್ನದೇ ವಯಸ್ಸಿನ ಅವರ ಮಗಳು ಅನು.

"ರತ್ನಾ, ಇಲ್ಲೇ ಕೂತು ಏನ್ಮಾಡೋದು? ಟ್ರೇನ್‌ನಲ್ಲಿ ಕಾಲು ಗಂಟೆ ಅಷ್ಟೆ. ಹಳೇ ಊರು ಸುತ್ತಾಡ್ಕೊಂಡು ಬರೋಣ," ಅಂದರು ಆಂಟಿ ಅಮ್ಮನಿಗೆ.

ಅಮ್ಮನದು ಇಂಡಿಯಾದ ಪಾಸ್‌ಪೋರ್ಟ್. ವೀಸಾ ಇಲ್ಲದೆ ಅವಳು ಏರ್‌ಪೋರ್ಟಿನ ಬಾಗಿಲು ದಾಟುವಂತಿರಲಿಲ್ಲ. ಅಮೆರಿಕದಲ್ಲಿ ಹುಟ್ಟಿದ ನನಗೆ, ಅಲ್ಲಿನ ಪಾಸ್‌ಪೋರ್ಟ್ ಇದ್ದ ಆಂಟಿಗೆ, ಅನುಗೆ ಆ ಅಡ್ಡಿ ಇರಲಿಲ್ಲ.

"ನನ್ನೆಲ್ಲಿ ಬಿಡ್ತಾರೆ ಮೇಡಂ? ಇವಳನ್ನ ಕರ್ಕೊಂಡ್ ಹೋಗಿ," ಅಂದವಳು ನನ್ನ ಜಡೆ ಬಿಗಿ ಮಾಡುತ್ತ ಹೇಳಿದಳು: "ಎಲ್ಲಾ ನೋಡ್ಕೊಂಡ್ ಬಾ. ಬಂದು ನಂಗೆ ಒಂದೂ ಬಿಡ್ದೆ ಹೇಳ್ಬೇಕು."

ಅಷ್ಟು ಸಂತೋಷದ ದಿನ ಆವರೆಗೆ ನನಗೆ ಬಂದಿರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಳೇ ಊರಿನ ಚೌಕದ ಸುತ್ತ ಮರದ ಪಟ್ಟಿಗಳಿಂದ ಹೆಣೆದಂತಿದ್ದ ಚೂಪು ನೆತ್ತಿಯ ಮನೆಗಳು. ಕಾಲಡಿಯ ಉರುಟು ಕಲ್ಲುಗಳ ಮೇಲೆ ನಾನೂ ಅನುವೂ ಕುಂಟೆಬಿಲ್ಲೆ ಆಡಿದೆವು; ಬಿರುಕು ತುಳಿದವರು ಔಟ್. "ಚೀಟಿಂಗ್ ಮಾಡ್ಬೇಡ ಕಣೇ!" ಎಂದು ನಾನು ಕಿರುಚಿದರೆ ಅವಳು ಇಂಗ್ಲಿಷಿನಲ್ಲಿ ಬೈಯುವಳು. ನದಿಯ ಮೇಲೆ ಕಬ್ಬಿಣದ ಕಾಲುಸೇತುವೆ, ಅದರ ಸರಳಿಗೆ ಪ್ರೇಮಿಗಳು ಹಾಕಿ ಹೋದ ಬೀಗಗಳು. ಒಂದು ಅಂಗಡಿಯಲ್ಲಿ ಐಸ್ ಕ್ರೀಮನ್ನು ಚಕ್ಕುಲಿ ಒರಳಿನಂಥದಕ್ಕೆ ಹಾಕಿ ಶಾವಿಗೆಯಂತೆ ಒತ್ತಿ, ಮೇಲೆ ಸ್ಟ್ರಾಬೆರಿ ರಸ ಸುರಿದು ಕೊಟ್ಟರು. ತಿಂದು ಬಾಯಿ ಮರಗಟ್ಟಿತು.

ಆಮೇಲೆ ಕೆಂಪು ಕಲ್ಲಿನ ಚರ್ಚಿನ ಗೋಪುರ ಹತ್ತಿದೆವು. ಸುರುಳಿ ಮೆಟ್ಟಿಲು, ತೇವದ ವಾಸನೆ, ತಲೆ ಸುತ್ತುವಷ್ಟು ಎತ್ತರ. ದೂರದಲ್ಲಿ ಒಂದು ವಿಮಾನ ಮೇಲೇರುತ್ತಿತ್ತು. ಸುಧಾ ಆಂಟಿ ಬೆರಳು ತೋರಿಸಿ, "ಪಾಪ, ನಿಮ್ಮಮ್ಮ ಅಲ್ಲೇ ಕೂತಿದಾರೆ" ಅಂದರು. ನನಗೆ ಸಿಟ್ಟು ಬಂತು. ಅಮ್ಮನನ್ನು ಯಾಕಾದರೂ ನೆನಪು ಮಾಡಿದರೋ ಎಂದು.

ಸಂಜೆ ಏರ್‌ಪೋರ್ಟಿಗೆ ವಾಪಸಾದಾಗ ಅಮ್ಮ ಅದೇ ಕುರ್ಚಿಯಲ್ಲಿದ್ದಳು. ಪಕ್ಕದ ಕುರ್ಚಿಯಿಂದ ಬ್ಯಾಗು ತೆಗೆದು, "ಬಾ ಬಾ, ಕೂತ್ಕೋ. ಮೊದ್ಲಿಂದ ಹೇಳು" ಅಂದಳು. ಕಾಲು ಮಡಚಿ ಸರಿಯಾಗಿ ಕೂತಳು, ಕಥೆ ಕೇಳುವವರ ಹಾಗೆ.

"ಏನಿರ್ಲಿಲ್ಲಮ್ಮ. ಜಸ್ಟ್ ಓಲ್ಡ್ ಸ್ಟಫ್."

"ಏನೂ ಇರ್ಲಿಲ್ವಾ? ಇಷ್ಟೊತ್ತು?"

"ಹೇಳಿದ್ನಲ್ಲ, ನಥಿಂಗ್!"

ಸುಧಾ ಆಂಟಿ ನಕ್ಕರು. "ಏನೇ ಕಳ್ಳಿ, ಟವರ್ ಹತ್ತಿದ್ದು ಹೇಳಲ್ವಾ? ಇಳಿಯಲ್ಲ ಅಂತ ಅಳ್ತಿದ್ಲು ರತ್ನಾ, ಅಷ್ಟು ಇಷ್ಟ ಆಗೋಯ್ತು!"

ಅಮ್ಮ ನನ್ನ ಮುಖ ನೋಡಿದಳು. ಏನೂ ಇರಲಿಲ್ಲವೆಂಬುದು ಸುಳ್ಳು, ನನಗೆ ಹೇಳಲು ಇಷ್ಟವಿಲ್ಲ ಅಷ್ಟೇ ಎಂಬುದು ಅವಳಿಗೆ ಆಗಲೇ ತಿಳಿಯಿತು. ಆದರೂ ಆಂಟಿಗೆ ಹೇಳಿದಳು: "ನಡ್ದು ನಡ್ದು ಸುಸ್ತಾಗಿದೆ ಮಗೂಗೆ. ಆಮೇಲೆ ಹೇಳ್ತಾಳೆ ಬಿಡಿ."

ಆಮೇಲೆ ನಾನು ಹೇಳಲಿಲ್ಲ. ಕಾಲುಸೇತುವೆ, ಗೋಪುರ ಎಂಬ ಮಾತುಗಳು ಆಗ ನನಗೆ ಬರುತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಶಾವಿಗೆ ಎಂಬ ಪದ ಬರುತ್ತಿತ್ತು. ಅಮ್ಮನಿಲ್ಲದೆ ನಾನು ಅಷ್ಟು ಖುಷಿಯಾಗಿದ್ದೆನಲ್ಲ, ಹೇಳಿದರೆ ಅದು ಅವಳಿಗೆ ಗೊತ್ತಾಗುತ್ತದೆಂಬ ಹೆದರಿಕೆ ಅದು.

ಆ ಸೆಪ್ಟೆಂಬರಿನಿಂದ ಸ್ಕೂಲಿನಿಂದ ಬಂದರೆ ತುಪ್ಪ ಸಕ್ಕರೆಯ ಚಪಾತಿ ಇರುತ್ತಿತ್ತು. ಅಮ್ಮ "ತಿನ್ನು" ಅನ್ನುತ್ತಿದ್ದಳು, ಅಷ್ಟೇ.

ನಮ್ಮ ಎರಡೂ ಕಡೆಯ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹಗಲು ಓದಿ, ಸಂಜೆ ಲೈಬ್ರರಿಯಲ್ಲಿ ಕೆಲಸ ಮಾಡಿ ಪಡೆದದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸ್ಯಾನ್ ಡಿಯೇಗೋದಲ್ಲಿ ಇದ್ದ ಆ ನಾಲ್ಕು ವರ್ಷ, ಅಲ್ಲಿನ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ ನನ್ನ ಜೊತೆಗಿದ್ದ ಧಾರವಾಡದ ಹುಡುಗಿಯಿಂದ ಕನ್ನಡ ಓದಲು, ಬರೆಯಲು ಕಲಿತೆ. ಈಗ ಮಾತುಗಳಿಗೆ ಬರವಿಲ್ಲ. ವಾರಕ್ಕೊಮ್ಮೆ ಮನೆಗೆ ಹೋದಾಗ ಕೇಳದಿದ್ದರೂ ಅಮ್ಮನಿಗೆ ಹೇಳುತ್ತೇನೆ: ಆಫೀಸು, ಗೆಳತಿಯರು, ದಾರಿಯಲ್ಲಿ ಕಂಡದ್ದು. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. "ಹೌದಾ? ಒಳ್ಳೇದು" ಅನ್ನುತ್ತಾಳೆ, ಮನೆಗೆ ಬಂದ ನೆಂಟರಿಗೆ ಅನ್ನುವ ಹಾಗೆ. ನಾನು ಬೇಕೆಂದೇ ನಡುವೆ ಒಂದೊಂದು ಇಂಗ್ಲಿಷ್ ಪದ ಸೇರಿಸಿ ಕಾಯುತ್ತೇನೆ. "ಅಂದ್ರೆ?" ಎಂದು ಅವಳು ಕೇಳುವುದಿಲ್ಲ.